ನೀರಿನ ಕೆಳಗಿನ ಕಾಲು

ಹುಡುಗ ನನ್ನ ಮೊಮ್ಮಗಳನ್ನು ಉಳಿಸಲಿಲ್ಲ. ಅವಳ ಹೆಗಲ ಮೇಲೆ ಕಾಲಿಟ್ಟು ತಾನು ಉಸಿರು ತೆಗೆದುಕೊಂಡ. ಅವನು ಮೇಲೆ ಬಂದ, ಅವಳು ಕೆಳಗೆ ಹೋದಳು. ಆಮೇಲೆ ಅವಳೇ ಅವನ ಕಾಲು ಬಿಡಿಸಿಕೊಂಡು ಮೇಲೆ ಬಂದಳು, ಅವನ ಅಂಗಿಯ ಕೊರಳಪಟ್ಟಿ ಹಿಡಿದು ದೋಣಿಯ ಕಡೆಗೆ ತಳ್ಳಿದಳು. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ಫೋನಿನೊಳಗೆ ಕತ್ತರಿಸಿ ಅಂಟಿಸಿದ್ದು.

ಇದನ್ನು ಬಾಯಲ್ಲಿ ಹೇಳಿ ಸಾಕಾಗಿದೆ. ಹೇಳಲು ಶುರುಮಾಡಿದರೆ ಸಾಕು, ಎದುರು ಕೂತವರು ಅರ್ಧಕ್ಕೇ ತಡೆಯುತ್ತಾರೆ. "ಅಜ್ಜಿ, ಅಷ್ಟು ದೂರದಿಂದ ನಿಮಗೆ ಕಂಡಿದ್ದು ಹೌದಾ?" ಅನ್ನುತ್ತಾರೆ. ಬರೆದದ್ದಕ್ಕೆ ಯಾರೂ ಅಡ್ಡ ಬಾಯಿ ಹಾಕುವಂತಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು. ಕಣ್ಣಿನ ಪೊರೆ ಎರಡೂ ಕಡೆ ತೆಗೆಸಿಯಾಗಿದೆ. ಅಂಗಳದ ಆಚೆ ಕೂತ ಕೋಳಿ ಯಾರ ಮನೆಯದು ಎಂದು ಇಲ್ಲಿಂದಲೇ ಹೇಳುತ್ತೇನೆ.

ಮೊಮ್ಮಗಳು ನನ್ನ ಮಗನ ಮಗಳು. ಸಾಗರದಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಹೊಸನಗರದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ತೀರ್ಥಹಳ್ಳಿಯ ಸಂಬಂಧ ಬಂತು. ಹುಡುಗನ ಅಪ್ಪನಿಗೆ ಗೊಬ್ಬರದ ಅಂಗಡಿ, ಹುಡುಗನೂ ಅಲ್ಲೇ ಕೂರುತ್ತಾನೆ. ನೋಡಲು ಲಕ್ಷಣ, ಮಾತು ಮೆತ್ತಗೆ. ಅವಳು ಒಪ್ಪಿದಳು, ಮನೆಯವರೆಲ್ಲ ಒಪ್ಪಿದರು, ನಿಶ್ಚಯವಾಯಿತು. ನನಗೂ ಅವನ ಮೇಲೆ ಏನೂ ಇರಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಮುದುಕಿಗೆ ಶುರುವಿನಿಂದಲೂ ಹುಡುಗನನ್ನು ಕಂಡರೆ ಆಗುತ್ತಿರಲಿಲ್ಲ ಎಂದು ಯಾರೂ ಹೇಳುವುದು ಬೇಡ.

ನಿಶ್ಚಯ ಮುಗಿದದ್ದೇ ಹುಡುಗನ ತಾಯಿ ಫೋನು ಮಾಡಿದಳು. ಮದುವೆಗೆ ಮುಂಚೆ ಫೋಟೋ ತೆಗೆಸಬೇಕಂತೆ. ಅದೂ ಸಮುದ್ರದಲ್ಲಿ, ಬಂಡೆಯ ಗವಿಗಳ ಹತ್ತಿರ, ಪ್ಲಾಸ್ಟಿಕ್ಕಿನ ದೋಣಿಯಲ್ಲಿ ಕೂತು.

"ಎಂಥ ಹುಚ್ಚು ಇದು?" ಎಂದೆ.

"ಹುಚ್ಚಲ್ಲ ಅಮ್ಮ, ಈಗ ಎಲ್ರೂ ಮಾಡ್ತಾರೆ. ನಮ್ಮ ಅಕ್ಕನ ಮಗಳದ್ದು ಕವಲೇದುರ್ಗದ ಕೋಟೆ ಮೇಲೆ ತೆಗ್ದಿದ್ರು. ಅದು ಹಳೇದಾತು. ಈಗ ನೀರೇ ಬೇಕಂತೆ."

"ನೀರು ಬೇಕಾದ್ರೆ ನಿಮ್ಮ ಮನೆ ಮುಂದೆ ತುಂಗೆ ಹರೀತಾಳಲ್ಲ."

"ಅದು ಮಾಮೂಲಿ ಅಮ್ಮ," ಎಂದು ನಕ್ಕಳು.

ಮದುವೆಗೆ ಮುಂಚೆ ಹುಡುಗಿಯನ್ನು ಹುಡುಗನ ಕಡೆಯವರ ಜೊತೆ ಒಬ್ಬಳೇ ಕಳಿಸುವ ರೂಢಿ ನಮ್ಮಲ್ಲಿಲ್ಲ. ಸೊಸೆ ಅಂಗನವಾಡಿಯಲ್ಲಿ ಟೀಚರು, ಅವಳಿಗೆ ರಜೆ ಸಿಗಲಿಲ್ಲ. ಮಗನಿಗೆ ವ್ಯಾನು ಹತ್ತಿದರೆ ವಾಂತಿ. ಉಳಿದವಳು ನಾನು. ಹೀಗೆ ನಾನು ಕಾವಲಿಗೆ ಹೋದೆ. ಹೊಗಳಿಸಿಕೊಳ್ಳಲು ಹೇಳುತ್ತಿಲ್ಲ. ಮನೆಯಲ್ಲಿ ಬೇರೆ ಕೆಲಸವಿಲ್ಲದವಳು ನಾನೊಬ್ಬಳೇ ಎಂದು ಎಲ್ಲರೂ ತಿಳಿದುಕೊಂಡಿದ್ದಾರೆ.

ಬೆಳಗಿನ ಚಳಿಯಲ್ಲಿ ಅವರ ವ್ಯಾನು ಹೊಸನಗರಕ್ಕೆ ಬಂತು. ಹುಡುಗ, ಅವನ ತಾಯಿ, ಫೋಟೋದವನು ಒಳಗೆ. ನಗರ ಎನ್ನುವ ಊರು ದಾಟಿ ಕೊಲ್ಲೂರು ಘಾಟಿ ಇಳಿದು ಭಟ್ಕಳದ ಕಡೆ ಹೋದೆವು. ದಾರಿಯುದ್ದಕ್ಕೂ ಹುಡುಗನ ಈಜಿನದೇ ಮಾತು. ತಾಯಿಯೇ ಹೇಳುತ್ತಿದ್ದಳು, ಅವನು ಕಿಟಕಿಯ ಆಚೆ ನೋಡುತ್ತಿದ್ದ.

"ಮಳೆಗಾಲದಲ್ಲಿ ತುಂಗೆ ಹೆಂಗಿರ್ತದೆ ಗೊತ್ತಲ್ಲ ಅಮ್ಮ, ಅದನ್ನ ಈಚೆ ದಡದಿಂದ ಆಚೆ ದಡಕ್ಕೆ ದಾಟಿದಾನೆ."

"ಯಾವಾಗ?" ಎಂದು ಅವನನ್ನೇ ಕೇಳಿದೆ.

"ಕಾಲೇಜಲ್ಲಿದ್ದಾಗ ಅಜ್ಜಿ," ಎಂದ. ಅವನ ಕಿವಿ ಕೆಂಪಾಯಿತು. ನಾಚಿಕೆ ಎಂದುಕೊಂಡೆ.

ನನ್ನ ಮೊಮ್ಮಗಳು ಈಜಿನ ಮಾತೇ ಎತ್ತಲಿಲ್ಲ. ಅವಳಿಗೆ ಈಜು ಕಲಿಸಿದವಳು ನಾನು. ನನ್ನ ತೌರು ಶರಾವತಿ ಹಿನ್ನೀರಿನ ಪಕ್ಕ. ಬೇಸಿಗೆ ರಜೆಯಲ್ಲಿ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಬೆನ್ನಿಗೆ ಖಾಲಿ ಎಣ್ಣೆ ಡಬ್ಬ ಕಟ್ಟಿ ನೀರಿಗೆ ಬಿಡುತ್ತಿದ್ದೆ. ಅತ್ತರೆ ಎತ್ತುತ್ತಿರಲಿಲ್ಲ. ಎರಡನೇ ಬೇಸಿಗೆಗೆ ಡಬ್ಬ ಬೇಡವಾಯಿತು.

ಸಮುದ್ರದ ದಡ ಮುಟ್ಟಿದಾಗ ಬಿಸಿಲು ಏರಿತ್ತು. ಹುಡುಗನ ತಾಯಿಗೆ ಕೊಡೆಯ ಕೆಳಗೆ ಕುರ್ಚಿ ಹಾಕಿದರು. ನನಗೂ ಒಂದು ಹಾಕಿದರು. ನಾನು ಕೂರಲಿಲ್ಲ.

"ಹುಡುಗಿ ಎಲ್ಲಿಗೆ ಹೋಗ್ತಾಳೋ ಅಲ್ಲಿಗೆ ನಾನು," ಎಂದೆ.

"ಅಯ್ಯೋ ಅಮ್ಮ, ಈ ವಯಸ್ಸಲ್ಲಿ ದೋಣಿ ಹತ್ತೋದಾ! ಬಿದ್ದುಗಿದ್ದರೆ?"

"ಬಿದ್ರೆ ಏಳ್ತೀನಿ."

ಮೋಟಾರಿನ ದೋಣಿ ಒಂದು, ಹಳದಿ ಪ್ಲಾಸ್ಟಿಕ್ಕಿನ ಪುಟ್ಟ ದೋಣಿ ಒಂದು, ಅದಕ್ಕೆ ಕಯಾಕು ಅನ್ನುತ್ತಾರಂತೆ. ಕಯಾಕನ್ನು ದೋಣಿಯ ಹಿಂದೆ ಹಗ್ಗದಲ್ಲಿ ಕಟ್ಟಿ ಎಳೆದರು. ದೋಣಿಯವನು ನಡುವಯಸ್ಸಿನವನು, ಮಾತು ಜಾಸ್ತಿ. ಎಲ್ಲರಿಗೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಡಿಸಿದ. ನನ್ನದು ಕುತ್ತಿಗೆಗೆ ತಾಗಿ ಉಸಿರು ಕಟ್ಟುವ ಹಾಗಿತ್ತು. ತೆಗೆಯಲಿಲ್ಲ.

ಮೊದಲು ಬಂಡೆಗಳ ಮರೆಯಲ್ಲಿ, ಅಲೆ ಇಲ್ಲದ ಕಡೆ ದೋಣಿ ನಿಲ್ಲಿಸಿದ. ಅಲ್ಲಿ ನೀರು ತಿಳಿ, ಕೆಳಗಿನ ಕಲ್ಲು ಕಾಣುತ್ತಿತ್ತು. ಮುಖಕ್ಕೆ ಗಾಜು ಕಟ್ಟಿಕೊಂಡು, ಬಾಯಿಗೆ ಕೊಳವೆ ಕಚ್ಚಿಕೊಂಡು, ಮುಖ ನೀರೊಳಗೆ ಅದ್ದಿ ತೇಲುವುದಕ್ಕೆ ಸ್ನಾರ್ಕೆಲಿಂಗ್ ಅನ್ನುತ್ತಾರಂತೆ. ಮೊಮ್ಮಗಳು ತೇಲಿದವಳು ತಲೆ ಎತ್ತಲೇ ಇಲ್ಲ. ಎತ್ತಿದಾಗ, "ಅಜ್ಜಿ, ಮೀನು! ನನ್ನ ಬೆರಳ ಹತ್ರನೇ ಬಂತು!" ಎಂದು ಕೂಗಿದಳು. ಚಿಕ್ಕವಳಿದ್ದಾಗಲೂ ಅವಳು ಹೀಗೇ ಕೂಗುತ್ತಿದ್ದಳು.

ಹುಡುಗನೂ ಇಳಿದ. ಜಾಕೆಟ್ ತೊಟ್ಟು, ದೋಣಿಯವನು ಎಸೆದ ತೇಲುವ ರಬ್ಬರಿನ ಬಳೆ ಹಿಡಿದುಕೊಂಡೇ ಇದ್ದ. ಸ್ವಲ್ಪ ಹೊತ್ತಿಗೆ ಕೆಮ್ಮುತ್ತಾ ಮೇಲೆ ಬಂದ. "ನನ್ನ ಗ್ಲಾಸು ಲೀಕು," ಎಂದ. ದೋಣಿಯವನು ಬೇರೆ ಕೊಟ್ಟ. "ಇದೂ ಲೀಕು," ಎಂದು ದೋಣಿಯಲ್ಲಿ ಕೂತ.

ಆ ಲೀಕಾದ ಗಾಜನ್ನು ದೋಣಿಯವನು ನನಗೆ ಕೊಟ್ಟ. "ಅಜ್ಜಿ, ದೋಣಿ ಅಂಚಿಂದ ಬಗ್ಗಿ ಮುಖ ಅದ್ದಿ ನೋಡಿ, ಚಂದ ಕಾಣ್ತದೆ. ಕೊಳವೆ ಕೊಡ್ಲಾ?"

"ಊರೆಲ್ಲ ಕಚ್ಚಿದ ಕೊಳವೆ ನಂಗೆ ಬ್ಯಾಡ."

ಉಸಿರು ಹಿಡಿದು ಮುಖ ಅದ್ದಿದೆ. ಗಾಜು ಒಂದು ತೊಟ್ಟೂ ಸೋರಲಿಲ್ಲ. ಹಳದಿ ಮೈಮೇಲೆ ಕಪ್ಪು ಪಟ್ಟೆಯ ಮೀನುಗಳು, ಕಲ್ಲಿಗೆ ಅಂಟಿಕೊಂಡ ಮುಳ್ಳಿನ ಉಂಡೆಗಳು, ನಮ್ಮ ದೋಣಿಯ ನೆರಳು. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ನೀರಿನ ಮೇಲಿಂದ ನೋಡಿದರೆ ಬರೀ ಮಿಂಚು, ಏನೂ ತಿಳಿಯುವುದಿಲ್ಲ. ಮುಖ ಅದ್ದಿದರೆ ಕೋಣೆಯೊಳಗೆ ದೀಪ ಹಾಕಿದ ಹಾಗೆ ಎಲ್ಲ ಬಿಡಿಬಿಡಿ.

ಅಲ್ಲಿಂದ ಗವಿಯ ಹತ್ತಿರ ಹೋದೆವು. ಬಂಡೆಯಲ್ಲಿ ದೊಡ್ಡ ಬಾಯಿ ತೆರೆದ ಹಾಗಿದೆ ಅದು. ನೀರು ಒಳಗೆ ನುಗ್ಗುತ್ತದೆ, ಒಳಗೆ ಎಲ್ಲೋ ಧಡ್ ಎಂದು ಸದ್ದಾಗುತ್ತದೆ, ಮತ್ತೆ ಹೊರಗೆ ಬರುತ್ತದೆ. ಫೋಟೋದವನು ಕ್ಯಾಮೆರಾ ಹಿಡಿದು ಪಕ್ಕದ ಬಂಡೆ ಹತ್ತಿದ. ಮೊಮ್ಮಗಳು ಅಂಗಿಯ ಮೇಲೇ ಉದ್ದ ಬಾಲದ ಕೆಂಪು ಗೌನು ತೊಟ್ಟು, ಅದರ ಮೇಲೆ ಜಾಕೆಟ್ ಹಾಕಿಕೊಂಡಳು. ಗೌನು ಹುಡುಗನ ತಾಯಿ ಆರಿಸಿ ತಂದದ್ದಂತೆ. ಬಾಲ ಹಿಡಿಯಲು ಒಬ್ಬರು ಬೇಕು, ಅಷ್ಟು ಉದ್ದ.

"ಅದನ್ನ ಹಾಕ್ಕೊಂಡು ನೀರಿಗೆ ಇಳೀತಾರೇನೇ?" ಎಂದೆ.

"ನೀರಿಗೆ ಇಳಿಯಲ್ಲ ಅಜ್ಜಿ, ಕಯಾಕಲ್ಲಿ ಕೂರೋದಷ್ಟೇ."

ಅವರಿಬ್ಬರೂ ಕಯಾಕಿಗೆ ದಾಟಿದರು, ದೋಣಿಯವನು ಹಗ್ಗ ಬಿಚ್ಚಿದ. ಬಂಡೆಯ ಮೇಲಿಂದ ಫೋಟೋದವನು ಕೂಗಿದ. "ಸರ್, ಜಾಕೆಟ್ ತೆಗೀರಿ! ಆರೆಂಜು ಫುಲ್ ಹೊಡೀತಿದೆ!"

ದೋಣಿಯವನು, "ಜಾಕೆಟ್ ತೆಗ್ಯೂಕೆ ಇಲ್ಲ. ಗವಿ ಬಾಯಿಗೂ ಹೋಗ್ಬೇಡಿ. ಇಲ್ಲಿ ನೀರು ಹೋಗಿ ತಿರುಗಿ ಬರ್ತದೆ," ಎಂದ.

"ಏ, ನಾನು ತುಂಗೆಲಿ ಬೆಳ್ದವ್ನು ಮಾರಾಯ. ಇದೆಂಥ ನೀರು!" ಎಂದು ಹುಡುಗ ಜಾಕೆಟ್ ಬಿಚ್ಚಿ ದೋಣಿಗೆ ಎಸೆದ. ದೋಣಿಯವನು ಮತ್ತೆ ಮಾತಾಡಲಿಲ್ಲ. ಇಂಥ ಜೋಡಿಗಳನ್ನು ಅವನ ದೋಣಿಗೆ ಕರೆತರುವವನು ಅದೇ ಫೋಟೋದವನು. ಬೀಡಿ ಹಚ್ಚಿದ. ಅವನ ಮೇಲೂ ನನಗೆ ಸಿಟ್ಟಿದೆ.

ಮೊಮ್ಮಗಳು ತನ್ನ ಜಾಕೆಟಿನ ಬಕಲಿಗೆ ಕೈ ಹಾಕಿದಳು.

"ತೆಗೀಬ್ಯಾಡ!" ಎಂದು ಕೂಗಿದೆ.

"ಅವ್ರು ತೆಗೆದ್ರಲ್ಲ ಅಜ್ಜಿ," ಎಂದು ಅವಳೂ ತೆಗೆದಳು. ಒಬ್ಬರು ತೊಟ್ಟು ಒಬ್ಬರು ತೊಡದಿದ್ದರೆ ಫೋಟೋದಲ್ಲಿ ಚಂದ ಕಾಣುವುದಿಲ್ಲವಲ್ಲ.

ನಮ್ಮ ಕಡೆ ಹೊಳೆ ಒಂದೇ ದಿಕ್ಕಿಗೆ ಹರಿಯುತ್ತದೆ. ಹಿನ್ನೀರಂತೂ ಹರಿಯುವುದೇ ಇಲ್ಲ. ಬಂದ ನೀರು ಅದೇ ದಾರಿಯಲ್ಲಿ ತಿರುಗಿ ಬಂದು ಹೊಡೆಯುತ್ತದೆ ಎನ್ನುವುದು ನಮ್ಮವರ ತಲೆಗೆ ಹೋಗುವುದಿಲ್ಲ. ಹೊಳೆಯಲ್ಲಿ ದೋಣಿಯನ್ನು ಓರೆ ಮಾಡಿ ಬಿಟ್ಟರೆ ನೀರೇ ಒಯ್ಯುತ್ತದೆ. ಹುಡುಗ ಹಾಗೇ ಮಾಡಿದ. ಹಿಂದೆ ಗವಿ ಚೆನ್ನಾಗಿ ಬರಲಿ ಎಂದು ಕಯಾಕನ್ನು ಬಾಯಿಗೆ ಅಡ್ಡ ನಿಲ್ಲಿಸಿದ. ಅವಳ ಕೈ ಹಿಡಿದು ನಗಿ ಎಂದು ಫೋಟೋದವನು ಕೂಗಿದ, ನಕ್ಕರು. ಎಡಕ್ಕೆ ತಿರುಗಿ ಎಂದ, ತಿರುಗಿದರು.

ಇವರು ಹಲ್ಲು ಕಿರಿಯುವುದನ್ನು ನೋಡುವುದಕ್ಕಿಂತ ಮೀನು ನೋಡುವುದು ವಾಸಿ ಎಂದು ನಾನು ಗಾಜು ಕಟ್ಟಿಕೊಂಡು ಮುಖ ಅದ್ದಿದೆ. ಕಯಾಕು ನಮ್ಮ ದೋಣಿಯಿಂದ ಮೂರು ಮಾರು ದೂರವೂ ಇರಲಿಲ್ಲ. ಅದರ ಹಳದಿ ಹೊಟ್ಟೆ ನನಗೆ ನೀರೊಳಗಿಂದ ಕಾಣುತ್ತಿತ್ತು. ನೋಡುತ್ತಿದ್ದ ಹಾಗೆ ಆ ಹೊಟ್ಟೆ ಮಗುಚಿತು. ಕೆಂಪು ಬಟ್ಟೆ ನೀರೆಲ್ಲ ಹರಡಿತು. ನಾಲ್ಕು ಕಾಲು.

ಅವನಿಗೆ ಈಜು ಬರುವುದಿಲ್ಲ. ಅದು ಒಂದು ಗಳಿಗೆಯಲ್ಲಿ ಗೊತ್ತಾಯಿತು. ಈಜು ಬರುವವನ ಕಾಲು ಹಿಂದಕ್ಕೆ ಒದೆಯುತ್ತದೆ, ಅವನದು ಮೆಟ್ಟಿಲು ಹುಡುಕುತ್ತಿತ್ತು. ಸಿಕ್ಕಿದ ಮೆಟ್ಟಿಲು ನನ್ನ ಮೊಮ್ಮಗಳ ಹೆಗಲು. ಒಂದು ಕಾಲು ಹೆಗಲ ಮೇಲೆ ಊರಿದ. ಇನ್ನೊಂದು ತಲೆಯ ಮೇಲೆ. ಊರಿ ಎದ್ದ. ಅವಳು ಕೆಳಗೆ ಹೋದಳು.

ನಾನು ತಲೆ ಎತ್ತಿ ಕಿರುಚಿದೆ. ಮೇಲೆ ಏನು ಕಂಡಿತು ಅಂದರೆ, ಹುಡುಗನ ತಲೆ ಮತ್ತು ಎದೆ ನೀರಿನ ಮೇಲೆ, ಪಕ್ಕದಲ್ಲಿ ಅವಳ ಒಂದು ಕೈ. ನೋಡಿದವರಿಗೆ ಅವನು ಅವಳನ್ನು ಎತ್ತಿ ಹಿಡಿದಿದ್ದಾನೆ ಎಂದೇ ಅನ್ನಿಸಬೇಕು. ಬಂಡೆಯ ಮೇಲಿಂದ ಫೋಟೋದವನು, "ಸರ್, ಬಿಡ್ಬೇಡಿ! ಮೇಡಮ್ನ ಬಿಡ್ಬೇಡಿ!" ಎಂದು ಕೂಗುತ್ತಿದ್ದ. ದೋಣಿಯವನು ಬೀಡಿ ಎಸೆದು ಮೋಟಾರಿನ ಹಗ್ಗ ಎಳೆಯುತ್ತಿದ್ದ. ಅದು ಹತ್ತಿಕೊಳ್ಳಲಿಲ್ಲ. ಹುಟ್ಟು ತೆಗೆದ.

ನಾನು ಮತ್ತೆ ಮುಖ ಅದ್ದಿದೆ. ಯಾಕೆ ಎಂದು ಕೇಳಬೇಡಿ. ಅವಳು ಇದ್ದದ್ದು ಕೆಳಗೆ.

ಗೌನಿನ ಬಾಲ ಅವಳ ಸೊಂಟಕ್ಕೆ ಸುತ್ತಿಕೊಂಡಿತ್ತು. ಅವಳು ಅದನ್ನು ಬಿಡಿಸಲು ಹೋಗಲಿಲ್ಲ. ಎರಡೂ ಕೈಯಿಂದ ಅವನ ಹಿಮ್ಮಡಿ ಹಿಡಿದು ಮೇಲಕ್ಕೆ ಎತ್ತಿ, ತಲೆ ಓರೆ ಮಾಡಿ ಜಾರಿಕೊಂಡಳು. ಅಷ್ಟು ಮಾಡಿದವಳು ನೇರ ನಮ್ಮ ದೋಣಿಗೆ ಬರಬಹುದಿತ್ತು. ಬರಲಿಲ್ಲ. ಸುತ್ತಿ ಅವನ ಹಿಂದೆ ಹೋದಳು, ಮೇಲೆ ಎದ್ದಳು, ಅವನ ಕೊರಳಪಟ್ಟಿ ಹಿಡಿದಳು, ಕಾಲು ಬಡಿದು ಬಡಿದು ಅವನನ್ನು ನಮ್ಮ ಕಡೆ ತಳ್ಳಿದಳು. ದೋಣಿಯವನು ಹುಟ್ಟು ಚಾಚಿದ. ಹುಡುಗ ಬಲಗೈಯಲ್ಲಿ ಹುಟ್ಟು ಹಿಡಿದ, ಎಡಗೈಗೆ ಅವಳ ಮೊಣಕೈ ಸಿಕ್ಕಿತು. ಆ ಗಳಿಗೆಯಲ್ಲಿ ಅವನು ಅವಳನ್ನು ಎಳೆಯುತ್ತಿರುವ ಹಾಗೆ ಕಂಡಿತು. ಆ ಗಳಿಗೆಯೇ ಆಮೇಲೆ ಊರೆಲ್ಲ ಓಡಾಡಿದ್ದು.

ಇಬ್ಬರನ್ನೂ ಎಳೆದು ಹಾಕಿದೆವು. ಅವಳು ಉಪ್ಪು ನೀರು ಕಾರಿದಳು. ಅವನು ಗಡಗಡ ನಡುಗುತ್ತಾ ಅಳುತ್ತಿದ್ದ. ನಾನು ಅವನ ಬೆನ್ನು ಉಜ್ಜಿ, "ಉಸಿರು ತಗೊ ಮಗಾ, ಆತು, ಮುಗೀತು," ಎಂದೆ. ನೀರಲ್ಲಿ ಜೀವ ಹೋಗುವಾಗ ಯಾರ ಕಾಲು ಎಲ್ಲಿ ಬೀಳುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೆ ಅವನ ಮೇಲೆ ನನಗೆ ಅಲ್ಲಿ ಸಿಟ್ಟು ಬರಲಿಲ್ಲ. ಇವತ್ತಿಗೂ ಅದಕ್ಕೆ ಸಿಟ್ಟಿಲ್ಲ.

ಸಿಟ್ಟು ಬಂದದ್ದು ದಡದಲ್ಲಿ.

ಹುಡುಗನ ತಾಯಿ ಮರಳಲ್ಲಿ ಎಡವುತ್ತಾ ಓಡಿ ಬಂದಳು. ಫೋಟೋದವನು ಅವಳಿಗಿಂತ ಮೊದಲೇ ಬಾಯಿ ತೆರೆದ. "ಮೇಡಮ್, ಇವತ್ತು ಸರ್ ಇರ್ಲಿಲ್ಲ ಅಂದ್ರೆ ಮುಗ್ದೇ ಹೋಗಿತ್ತು. ಒಂದು ಕೈಯಲ್ಲಿ ಹಿಡಿದೆತ್ತಿದ್ರು!"

ತಾಯಿ ಮಗನನ್ನು ತಬ್ಬಿಕೊಂಡಳು. "ನನ್ನ ಮಗ! ತುಂಗೆ ನೀರು ಕುಡಿದವನು!"

ಅವನು ಬಾಯಿ ತೆರೆದ. ಮೊಮ್ಮಗಳು ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಬಾಯಿ ಮುಚ್ಚಿದ.

ನಾನೇ ಹೇಳಿದೆ. "ಅವಳನ್ನ ಅವ್ನು ಎತ್ತಿದ್ದಲ್ಲ. ಇವನನ್ನ ಎಳ್ಕೊಂಡು ಬಂದವಳು ಅವಳು. ನಾನು ನೀರೊಳಗೆ ನೋಡಿದೀನಿ."

"ಅಮ್ಮ, ನೀವು ಗಾಬ್ರಿ ಆಗಿದೀರಿ. ಕೂತ್ಕೊಳಿ. ಯಾರಾದ್ರೂ ಅಮ್ಮಂಗೆ ಸೋಡಾ ಕೊಡಿ," ಎಂದಳು ಹುಡುಗನ ತಾಯಿ.

ಸೋಡಾ ತಂದರು. ಕುಡಿಯಲಿಲ್ಲ.

ಆಮೇಲೆ ಊಟಕ್ಕೆ ಹೋದೆವು. ರಸ್ತೆ ಪಕ್ಕದ ಮೀನೂಟದ ಹೋಟೆಲು, ಪ್ಲಾಸ್ಟಿಕ್ ಮೇಜು, ಜನ ತುಂಬಿದ್ದರು. ಮೊಮ್ಮಗಳು ಒಣ ಬಟ್ಟೆ ಹಾಕಿಕೊಂಡು ತಲೆಗೆ ಟವೆಲ್ ಸುತ್ತಿ ಕೂತಿದ್ದಳು. ಅನ್ನಕ್ಕೆ ಕೈ ಹಾಕಿರಲಿಲ್ಲ. ಹುಡುಗನ ತಾಯಿ ಅಷ್ಟು ಹೊತ್ತಿಗೆ ಪಕ್ಕದ ಮೇಜಿನವರಿಗೂ ಕತೆ ಹೇಳಿ ಮುಗಿಸಿದ್ದಳು. ಅವರು ಹುಡುಗನ ಕಡೆ ತಿರುಗಿ ತಲೆದೂಗಿದರು. ಒಬ್ಬ ಕೈ ಕುಲುಕಿದ. ಹುಡುಗ ಕೈ ಕೊಟ್ಟ.

"ಏಳು ಮಗಾ," ಎಂದಳು ಅವನ ತಾಯಿ ನನ್ನ ಮೊಮ್ಮಗಳಿಗೆ. "ಅವನ ಕಾಲು ಮುಟ್ಟಿ ನಮಸ್ಕಾರ ಮಾಡು. ಇವತ್ತಿಂದ ನಿನ್ನ ಜೀವ ಅವನು ಕೊಟ್ಟಿದ್ದು."

"ಎಂಥದು?" ಎಂದೆ. "ತಾಳಿ ಕಟ್ಟಿಲ್ಲ ಇನ್ನೂ. ಕಾಲು ಮುಟ್ಟೋದು ಯಾವ ಲೆಕ್ಕಕ್ಕೆ?"

"ತಾಳಿಗಿಂತ ದೊಡ್ಡದೇ ಮಾಡಿದಾನಲ್ಲ ಅಮ್ಮ. ದೊಡ್ಡವರಾಗಿ ನೀವೇ ಹೇಳ್ಬೇಕಿತ್ತು."

ಮೊಮ್ಮಗಳು ಎದ್ದು ನಿಂತಳು. ಬಗ್ಗುವ ಮೊದಲು ಹುಡುಗನನ್ನು ನೋಡಿದಳು. ಚೆನ್ನಾಗಿ, ಹೊತ್ತು ತೆಗೆದುಕೊಂಡು ನೋಡಿದಳು. ಬೇಡ ಎಂದು ಒಂದು ಮಾತು ಹೇಳಲಿ ಎಂದು ನೋಡಿದಳು. ಅಮ್ಮ ಸುಮ್ಮನಿರು ಎಂದರೂ ಸಾಕಿತ್ತು. ಕುರ್ಚಿ ಹಿಂದಕ್ಕೆ ಸರಿಸಿದ್ದರೂ ಸಾಕಿತ್ತು. ಅವನು ತಟ್ಟೆ ನೋಡುತ್ತಾ ಕೂತಿದ್ದ. ಅವಳು ಬಗ್ಗಿ ಮುಟ್ಟಿದಳು. ಹೋಟೆಲಿನವರು ಚಪ್ಪಾಳೆ ತಟ್ಟಿದರು.

ಅವಳ ತಲೆಯ ಮೇಲೆ ಇಟ್ಟ ಕಾಲು ಅದೇ. ಅದನ್ನೇ ಅವಳ ಕೈಯಲ್ಲಿ ಮುಟ್ಟಿಸಿದರು. ನನಗೆ ಆ ಮೇಜು ಎತ್ತಿ ಮಗುಚಿಹಾಕುವಷ್ಟು ಸಿಟ್ಟು ಬಂತು. ಮಂಡಿ ನೋವು, ಏಳಲಾಗಲಿಲ್ಲ. "ಥೂ" ಎಂದೆ. ಮೀನಿನ ಮುಳ್ಳು ಸಿಕ್ಕಿರಬೇಕು ಎಂದು ಬಡಿಸುವವನು ನೀರು ತಂದಿಟ್ಟ.

ವಾಪಸು ಘಾಟಿ ಹತ್ತುವಾಗ ಫೋನುಗಳಿಗೆ ಸಿಗ್ನಲ್ ಇರಲಿಲ್ಲ, ಅದೊಂದು ಪುಣ್ಯ. ನಗರ ಮುಟ್ಟಿದ್ದೇ ಎಲ್ಲ ಫೋನುಗಳೂ ಒಟ್ಟಿಗೆ ಕೂಗತೊಡಗಿದವು. ಫೋಟೋದವನು ಊಟದ ಹೊತ್ತಿಗೇ ವಿಡಿಯೋ ಮಾಡಿ ಕಳಿಸಿದ್ದ. ಹಿಂದೆ ಯಾವುದೋ ಹಾಡು. ಹುಡುಗ ಹುಟ್ಟು ಹಿಡಿದು ಅವಳ ಕೈ ಎಳೆಯುವುದನ್ನು ನಿಧಾನ ಮಾಡಿ ತೋರಿಸಿದ್ದ. ಅವರ ಕಡೆಯವರು, ನಮ್ಮ ಕಡೆಯವರು, ಎಲ್ಲರೂ ಹೂವು, ಕೈಮುಗಿದ ಚಿತ್ರ ಹಾಕುತ್ತಿದ್ದರು. ನನ್ನ ಮಗನೂ ಹಾಕಿದ್ದ.

"ಇದಕ್ಕಿಂತ ಮುಂಚಿಂದು ಎಲ್ಲಿ?" ಎಂದು ಫೋಟೋದವನನ್ನು ಕೇಳಿದೆ.

"ಅದ್ರಲ್ಲಿ ಎಂಥ ಇಲ್ಲ ಅಜ್ಜಿ. ಬರೀ ನೀರು."

ಅದು ನಿಜವೇ ಇರಬೇಕು. ಅವನು ನೋಡಿದ್ದು ಮೇಲಿಂದ.

ಮನೆ ಮುಟ್ಟಿದಾಗ ಸಂಜೆ. ಸೊಸೆ ಬಾಗಿಲಲ್ಲೇ ಕೆಂಪು ನೀರಿನ ತಟ್ಟೆ ಹಿಡಿದು ನಿಂತಿದ್ದಳು. ಹುಡುಗನನ್ನು ವ್ಯಾನಿನಿಂದ ಇಳಿಸಿ ದೃಷ್ಟಿ ತೆಗೆದಳು. ಮಗನ ಕಣ್ಣಲ್ಲಿ ನೀರು. "ನಿಮ್ಮ ಋಣ ಹೆಂಗೆ ತೀರ್ಸೋದು," ಎಂದು ಅಳಿಯನಾಗುವವನ ಎರಡೂ ಕೈ ಹಿಡಿದುಕೊಂಡ. ಹುಡುಗ, "ಇರ್ಲಿ ಮಾವ," ಎಂದ. ಎರಡೇ ಮಾತು. ಅಷ್ಟು ಹೊತ್ತಿಗೆ ಅವನಿಗೂ ಅದೇ ನಿಜ ಅನ್ನಿಸಲು ಶುರುವಾಗಿರಬೇಕು.

ವ್ಯಾನು ಹೋದ ಮೇಲೆ ಮಗನನ್ನು ಜಗಲಿಯಲ್ಲಿ ಕೂರಿಸಿ ಎಲ್ಲ ಹೇಳಿದೆ. ಹೆಗಲು, ತಲೆ, ಹಿಮ್ಮಡಿ, ಕೊರಳಪಟ್ಟಿ. ಕೇಳಿದ.

"ಅಮ್ಮ, ವಿಡಿಯೋದಲ್ಲಿ ಕಾಣ್ತಾ ಉಂಟಲ್ಲ."

"ವಿಡಿಯೋ ನೀರೊಳಗೆ ಇಳ್ದಿತ್ತಾ?"

"ನೀನು ಇಳ್ದಿದ್ಯಾ?"

"ಮುಖ ಇಳಿಸಿದ್ದೆ."

ಅವನು ನಕ್ಕುಬಿಟ್ಟ. ಸೊಸೆ ಮಗಳ ಅಂಗಿಯ ಕೊರಳು ಸರಿಸಿ ನೋಡಿದಳು. ಹೆಗಲು ನೀಲಿಗಟ್ಟಿತ್ತು. "ಬಂಡೆ ತಾಗಿರ್ಬೇಕು," ಎಂದು ಅರಿಶಿನ ಅರೆಯಲು ಒಳಗೆ ಹೋದಳು.

"ಆತು, ನೀ ಹೇಳಿದ್ದೇ ಸರಿ ಅಂತ ಇಟ್ಕ," ಎಂದ ಮಗ. "ಮುಳುಗ್ತಾ ಇದ್ದವ್ನಿಗೆ ಬುದ್ಧಿ ಎಲ್ಲಿರ್ತದೆ?"

"ನೀರಲ್ಲಿದ್ದಾಗ ಇಲ್ದಿದ್ರೆ ಬ್ಯಾಡ. ಊಟಕ್ಕೆ ಕೂತಾಗ ಇತ್ತಲ್ಲ? ಈಗ ನೀ ಅವನ ಕೈ ಹಿಡ್ಕಂಡಾಗ ಇತ್ತಲ್ಲ?"

ಉತ್ತರವಿಲ್ಲದಾಗ ನನ್ನ ಮಗ ಎದ್ದು ದೀಪದ ಸ್ವಿಚ್ಚು ಹಾಕುತ್ತಾನೆ. ಹಾಕಿದ.

ಮೊಮ್ಮಗಳು ಬಾಗಿಲ ಹತ್ತಿರ ನಿಂತಿದ್ದಳು. ಇಡೀ ದಿನ ಅವಳು ಬಾಯಿ ಬಿಡಲಿಲ್ಲ ಎಂದು ನನಗೆ ಅವಳ ಮೇಲೂ ಸಿಟ್ಟಿತ್ತು.

"ನೀನು ಮೂಗಿಯೇನೇ?" ಎಂದೆ. "ಮುಳುಗಿದವಳು ನೀನು. ಹೇಳು ನಿನ್ನ ಅಪ್ಪಂಗೆ."

"ನಾ ಹೇಳಿದ್ರೆ ಹುಡುಗನ ಮರ್ಯಾದೆ ತೆಗೆದೆ ಅಂತಿದ್ರು," ಎಂದಳು. "ಅವ್ರೇ ಹೇಳ್ತಾರೆ ಅಂತ ಕಾದೆ. ದಡದಲ್ಲಿ ಕಾದೆ. ಹೋಟ್ಲಲ್ಲಿ ಕಾದೆ. ನೀರಲ್ಲಿ ನನ್ನ ಮೇಲೆ ಕಾಲಿಟ್ಟಿದ್ದು ನಂಗೆ ಬೇಜಾರಿಲ್ಲ ಅಪ್ಪ. ನಾನು ಮುಟ್ಟಕ್ಕೆ ಬಗ್ಗಿದಾಗ ಅವ್ರು ಕಾಲು ಹಿಂದಕ್ಕೆ ತಗೊಳ್ಲಿಲ್ಲ."

ಮಗ ಮತ್ತೆ ಜಗಲಿಯ ಮೇಲೆ ಕೂತ.

"ಬೇಕಾ, ಬ್ಯಾಡ್ವಾ? ಸುತ್ತಿ ಬಳಸಿ ಹೇಳ್ಬ್ಯಾಡ," ಎಂದೆ.

"ಬ್ಯಾಡ," ಎಂದಳು.

"ಬ್ಯಾಡ ಅಂದ್ರೆ ಆತಾ?" ಮಗ ಎದ್ದು ನಿಂತ. "ನಾಲ್ಕು ಜನರ ಎದುರು ವೀಳ್ಯ ಬದಲಾಗಿದೆ. ವೀಳ್ಯ ತಗೊಂಡವ್ನು ನಾನು. ಹೋಗಿ ತಿರುಗಿಸಿ ಕೊಡ್ಬ್ಯಾಕಾದವ್ನೂ ನಾನೇ. ಎಂಥ ಮುಖ ಹೊತ್ಕಂಡು ಹೋಗ್ಲಿ? ಮಗಳ ಜೀವ ಉಳಿಸಿದ್ದಕ್ಕೆ ನಿಮ್ಮ ಸಂಬಂಧ ಬ್ಯಾಡ ಅನ್ಲಾ? ನಾ ಹೋಗಲ್ಲ."

ಹೋಗುವುದಿಲ್ಲ ಎಂದರೆ ಅವನು ಹೋಗುವುದಿಲ್ಲ. ಅವನ ಅಪ್ಪನೂ ಹಾಗೇ ಇದ್ದರು. ನಾನು ಮತ್ತೆ ಅವನ ಹತ್ತಿರ ಮಾತಾಡಲಿಲ್ಲ.

ಬೆಳಿಗ್ಗೆ ಎದ್ದು ಸ್ನಾನ ಮಾಡಿದೆ. ಡಬ್ಬದಿಂದ ಗೋಟಡಿಕೆ ತೆಗೆದುಕೊಂಡೆ, ಒಂದು ಸ್ಟೀಲಿನ ತಟ್ಟೆ ಚೀಲಕ್ಕೆ ಹಾಕಿದೆ, ಬಸ್ ಸ್ಟ್ಯಾಂಡಿನಲ್ಲಿ ವೀಳ್ಯದೆಲೆ ಕೊಂಡು ತೀರ್ಥಹಳ್ಳಿಯ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಪರಿಚಯದವಳೊಬ್ಬಳು ಫೋನು ತೋರಿಸಿ, "ನಿಮ್ಮ ಮೊಮ್ಮಗಳಲ್ದಾ ಇದು? ಪುಣ್ಯ ಮಾಡಿದೀರಿ," ಎಂದಳು. "ಅದೇ ಪುಣ್ಯ ತೀರ್ಸಕ್ಕೆ ಹೋಗ್ತಿದೀನಿ," ಎಂದೆ.

ಅವರ ಮನೆಯ ಜಗಲಿಯಲ್ಲಿ ಹುಡುಗನ ಅಪ್ಪ ಪೇಪರ್ ಓದುತ್ತಿದ್ದರು. ತಾಯಿ ಒಳಗಿಂದ ಬಂದು, "ಬನ್ನಿ ಬನ್ನಿ, ಒಬ್ರೇ ಬಂದ್ರಾ ಅಮ್ಮ? ಕಾಫಿ ತರ್ತೀನಿ," ಎಂದಳು.

"ಕಾಫಿ ಬ್ಯಾಡ. ಮಗನನ್ನ ಕರೀರಿ."

ಬಂದ. ಹಿಂದಿನ ದಿನದ ಬಿಸಿಲಿಗೆ ಮೂಗು ಸುಲಿದಿತ್ತು. ನಾನು ಚೀಲದಿಂದ ತಟ್ಟೆ ತೆಗೆದು, ಎಲೆ ಅಡಿಕೆ ಜೋಡಿಸಿ, ಜಗಲಿಯ ಮೇಲೆ ಇಟ್ಟೆ. ಅಪ್ಪನ ಕೈಯಿಂದ ಪೇಪರ್ ಜಾರಿತು.

"ಎಂಥ ಇದು?" ಎಂದಳು ತಾಯಿ.

"ನಿಮ್ಮ ವೀಳ್ಯ. ಹುಡುಗಿಗೆ ಬ್ಯಾಡ ಅಂತೆ."

"ಬ್ಯಾಡ? ಜೀವ ಉಳಿಸಿದವನನ್ನ?"

"ನಿಮ್ಮ ಮಗನನ್ನೇ ಕೇಳಿ, ಯಾರ ಜೀವ ಯಾರು ಉಳಿಸಿದ್ದು ಅಂತ. ಅವನ ಎದುರೇ ಕೇಳಿ, ನಾನೂ ಕೇಳಿಸ್ಕಳ್ತೀನಿ."

ಅಪ್ಪ ಮಗನ ಕಡೆ ತಿರುಗಿದರು. ಹುಡುಗ, "ಅಜ್ಜಿ, ನಂಗೆ ತುಂಬ ಹೆದ್ರಿಕೆ ಆಗಿತ್ತು," ಎಂದ, ನೆಲ ನೋಡುತ್ತಾ.

"ಹೆದ್ರಿಕೆಗೆ ನಾನು ಬಸ್ಸು ಹತ್ತಿ ಬಂದಿಲ್ಲ ಮಗಾ. ನಿನ್ನೆ ಮಧ್ಯಾಹ್ನ ಯಾರ ಹೆದ್ರಿಕೆ ಇತ್ತು ನಿಂಗೆ?"

ಅವನು ತಾಯಿಯ ಕಡೆ ನೋಡಿದ. ಅಷ್ಟೇ ಉತ್ತರ. ಅಪ್ಪ ಕನ್ನಡಕ ತೆಗೆದು ಒರೆಸತೊಡಗಿದರು.

ತಾಯಿ ಸುಮ್ಮನಾಗಲಿಲ್ಲ. "ಇದು ಲೆಕ್ಕಕ್ಕೆ ಬರಲ್ಲ," ಎಂದಳು. "ವೀಳ್ಯ ತಗೊಂಡು ಹೋದವ್ರು ನಿಮ್ಮ ಮಗ. ಗಂಡಸು ಬಂದು ಕೊಡ್ಬೇಕು. ನೀವು ಇಟ್ರೆ ಆಗಲ್ಲ ಅಮ್ಮ, ಅದೂ ನೀವು..."

ಅಲ್ಲಿಗೆ ನಿಲ್ಲಿಸಿದಳು. ನಾನು ಮುಂದುವರಿಸಿದೆ. "ಅದೂ ಗಂಡ ಸತ್ತವಳು. ಹೇಳಿ, ಪರ್ವಾಗಿಲ್ಲ. ನಿಶ್ಚಯದ ದಿನ ನನ್ನ ಒಳಗಿನ ಕೋಣೇಲಿ ಕೂರಿಸಿದ್ರಿ, ವೀಳ್ಯದ ತಟ್ಟೆಗೆ ನನ್ನ ನೆರಳು ಬೀಳ್ಬಾರ್ದು ಅಂತ. ನಾ ಮುಟ್ಟಿದ್ರೆ ಮದುವೆಗೆ ಒಳ್ಳೇದಲ್ಲ ಅಂದ್ರಿ. ಈಗ ನಾನೇ ಮುಟ್ಟಿ, ನಾನೇ ಹೊತ್ಕಂಡು ಬಂದು, ನಿಮ್ಮ ಜಗಲಿ ಮೇಲೆ ಇಟ್ಟಿದೀನಿ. ಇದರ ಮೇಲೆ ಇದೇ ಮದುವೆ ಮಾಡ್ತೀರಾದ್ರೆ ಮಾಡಿ."

ಅವಳು ತಟ್ಟೆಯಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಮಗನ ತೋಳು ಹಿಡಿದು ಅವನನ್ನೂ ಹಿಂದೆ ಎಳೆದಳು.

ನಾನು ಚಪ್ಪಲಿ ಹಾಕಿಕೊಂಡೆ. ತಟ್ಟೆ ನಮ್ಮದು, ಸೊಸೆ ಅಡುಗೆಮನೆಯಲ್ಲಿ ಹುಡುಕುತ್ತಾಳೆ. ಹುಡುಕಲಿ ಎಂದು ಅಲ್ಲೇ ಬಿಟ್ಟು ಬಸ್ ಸ್ಟ್ಯಾಂಡಿನ ಕಡೆ ನಡೆದೆ.